ಹೊಸ ಟ್ರೇಲರ್ ಬಾಲ ಆಡಿಸುತ್ತಿದೆ, ಮೊದಲ ಟ್ರಿಪ್‌ಗೇ ದೇವಿಮನೆ ಘಟ್ಟ ಇಳಿಯಬಹುದೇ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಅಡಿಕೆ ಬೆಳೆಗಾರರು. ನನಗೆ 61 ವರ್ಷ. ಹೋದ ತಿಂಗಳು ಕಾರಿನ ಹಿಂದೆ ಕಟ್ಟಿ ಎಳೆಯುವ ಹೊಸ ಟ್ರಾವೆಲ್ ಟ್ರೇಲರ್ ತಗೊಂಡೆವು. ಖಾಲಿ ತೂಕ 900 ಕಿಲೋ, ಪ್ಲೇಟಿನ ಮೇಲೆ ಗರಿಷ್ಠ 1,300 ಕಿಲೋ ಎಂದಿದೆ. ಎರಡೇ ಚಕ್ರ, ಕಾರು ನಿಧಾನವಾದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕ್. ಅಡುಗೆ ಕಟ್ಟೆ ಮತ್ತು 80 ಲೀಟರ್ ನೀರಿನ ಟ್ಯಾಂಕ್ ಹಿಂಭಾಗದಲ್ಲಿವೆ. ಎಳೆಯುವುದು ನಮ್ಮ ಡೀಸೆಲ್ ಎಸ್‌ಯುವಿ. ಮನೆಗೆ ತರುವಾಗ ಹುಬ್ಬಳ್ಳಿ ಹೆದ್ದಾರಿಯಲ್ಲಿ 80ರ ವೇಗದಲ್ಲಿದ್ದೆ. ಒಂದು ಬಸ್ಸು ಓವರ್‌ಟೇಕ್ ಮಾಡಿತು, ಟ್ರೇಲರ್ ನಾಯಿ ಬಾಲದ ಹಾಗೆ ಆಡತೊಡಗಿತು. ಜೀವ ಬಾಯಿಗೆ ಬಂತು. ಡೀಲರ್‌ಗೆ ಫೋನ್ ಮಾಡಿದರೆ, ‘ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ, ನೇರ ಆಗುತ್ತದೆ’ ಎಂದರು. ಪಕ್ಕದ ಮನೆಯವರು, ‘ಹಿಂದೆ ಇನ್ನೂ ಭಾರ ಹಾಕಿ’ ಎಂದರು. ಆದರೆ ಟ್ರೇಲರ್ ತುಂಬ ಚೆನ್ನಾಗಿ ಬ್ಯಾಲೆನ್ಸ್ ಆಗಿದೆ, ಮುಂದಿನ ಮೂತಿಯನ್ನು ನಾನೊಬ್ಬನೇ ಎತ್ತಿ ಹುಕ್ಕಿಗೆ ಹಾಕುತ್ತೇನೆ. ಡಿಸೆಂಬರ್ ರಜೆಗೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬೆಂಗಳೂರಿನಿಂದ ಬರುತ್ತಾರೆ. ಆರೂ ಜನ ದೇವಿಮನೆ ಘಟ್ಟ ಇಳಿದು ಗೋಕರ್ಣದ ಕಡೆ ಒಂದು ಹೋಮ್‌ಸ್ಟೇ ಕಂಪೌಂಡಿನಲ್ಲಿ ಮೂರು ರಾತ್ರಿ ಇರಬೇಕೆಂದಿದ್ದೇವೆ. ಅಲ್ಲಿ ನೀರು ಉಪ್ಪು ಎಂದು ಮನೆಯಿಂದಲೇ ಟ್ಯಾಂಕ್ ತುಂಬಿಸಿಕೊಂಡು ಹೋಗುವ ಯೋಚನೆ. ಹೊಸ ಗಾಡಿ, ಕಂಪನಿಯವರೇ ಎಲ್ಲ ನೋಡಿ ಕೊಟ್ಟಿದ್ದಾರೆ, ಬೇರೆ ಪರೀಕ್ಷೆ ಯಾಕೆ ಎಂದು ಮಗ ಕೇಳುತ್ತಾನೆ. ನನ್ನ ಹೆಂಡತಿಗೆ ಧೈರ್ಯ ಇಲ್ಲ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಘಟ್ಟ ಅಲ್ಲ. ‘ಮೂತಿಯನ್ನು ನಾನೊಬ್ಬನೇ ಎತ್ತುತ್ತೇನೆ’ ಎಂದಿರಲ್ಲ, ಆ ಒಂದು ಮಾತು. ನೀವು ಅದನ್ನು ಟ್ರೇಲರ್‌ನ ಒಳ್ಳೆಯ ಗುಣ ಎಂದು ಬರೆದಿದ್ದೀರಿ. ನಿಮ್ಮ ಟ್ರೇಲರ್ ಬಾಲ ಆಡಿಸಿದ್ದಕ್ಕೆ ಬಹುಮಟ್ಟಿಗೆ ಅದೇ ಕಾರಣ.

ನಾನು ಕಾರವಾರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲಾರಿ ಮತ್ತು ಟ್ರೇಲರ್‌ಗಳ ಬ್ರೇಕು, ಆಕ್ಸಲ್ ಕೆಲಸ ಮಾಡಿದವನು. ಇತ್ತೀಚೆಗೆ ಇಂಥ ಮನೆ-ಟ್ರೇಲರ್‌ಗಳೂ ನಮ್ಮ ಶೆಡ್ಡಿಗೆ ಬರುತ್ತಿವೆ. ಬಂದವರಲ್ಲಿ ಅರ್ಧಕ್ಕರ್ಧ ಜನ ನಿಮ್ಮ ಹಾಗೇ ಹೇಳುತ್ತಾರೆ: ಮುಂದೆ ಹಗುರ ಇದ್ದರೆ ಕಾರಿಗೆ ಆರಾಮ, ಅಲ್ವಾ?

ಎತ್ತಿನ ಗಾಡಿ ಹೂಡಿದವರು ನಿಮ್ಮ ಮನೆಯಲ್ಲಿ ಹಿಂದೆ ಇದ್ದೇ ಇರುತ್ತಾರೆ. ಗಾಡಿಯ ಹಿಂದೆ ಭಾರ ಜಾಸ್ತಿಯಾದರೆ ಮೂಕಿ, ಅಂದರೆ ನೊಗಕ್ಕೆ ಕಟ್ಟುವ ಮುಂದಿನ ಉದ್ದನೆಯ ಮರ, ಮೇಲೇಳುತ್ತದೆ. ಎತ್ತಿನ ಹೆಗಲ ಮೇಲೆ ನೊಗ ಕೂರುವುದಿಲ್ಲ, ಗಾಡಿ ಅತ್ತಿತ್ತ ಎಳೆಯುತ್ತದೆ. ಹಾಗಾಗಿ ಮೂಟೆಗಳನ್ನು ಸ್ವಲ್ಪ ಮುಂದಕ್ಕೆ ಹೇರುತ್ತಿದ್ದರು, ಮೂಕಿ ಒಂದಿಷ್ಟು ಭಾರವಾಗಿ ಕೂರಲಿ ಎಂದು. ಟ್ರೇಲರ್‌ಗೂ ಅದೇ ಲೆಕ್ಕ. ಅದರ ಮೂತಿ ಕಾರಿನ ಹುಕ್ಕಿನ ಮೇಲೆ ಎಷ್ಟು ಒತ್ತುತ್ತದೋ ಅದನ್ನು ನಾನು ಮೂಕಿ ಭಾರ ಎಂದೇ ಕರೆಯುತ್ತೇನೆ. ನಮ್ಮ ಹುಡುಗರಿಗೆ ಇಂಗ್ಲಿಷ್ ಹೆಸರಿಗಿಂತ ಇದು ಬೇಗ ಅರ್ಥವಾಗುತ್ತದೆ.

ಈ ಭಾರ ಎಷ್ಟಿರಬೇಕು? ಅಮೆರಿಕದವರು ತುಂಬಿದ ಟ್ರೇಲರ್‌ನ ತೂಕದ 10ರಿಂದ 15 ಶೇಕಡ ಎನ್ನುತ್ತಾರೆ. ಯುರೋಪಿನವರು ಅದಕ್ಕಿಂತ ಕಡಿಮೆ, 5ರಿಂದ 7 ಶೇಕಡ. ಅಲ್ಲಿನ ಕಾರು, ವೇಗದ ಮಿತಿ, ಹುಕ್ಕು ಎಲ್ಲವೂ ಬೇರೆ. ನಿಮ್ಮ ಟ್ರೇಲರ್ ಸಾಮಾನು ತುಂಬಿ 1,200 ಕಿಲೋ ಆಗುತ್ತದೆ ಎಂದಿಟ್ಟುಕೊಳ್ಳಿ. ಆಗ ಮೂಕಿ ಭಾರ ಸುಮಾರು 85ರಿಂದ 100 ಕಿಲೋ ಇದ್ದರೆ ನನಗೆ ಸಮಾಧಾನ. ಆದರೆ ಕಾರಿನ ಹುಕ್ಕಿಗೂ ಟ್ರೇಲರ್‌ನ ಮೂತಿಗೂ ತಮ್ಮದೇ ಮಿತಿ ಇರುತ್ತದೆ, ಅವುಗಳ ಪ್ಲೇಟಿನ ಮೇಲೆ ಬರೆದಿರುತ್ತಾರೆ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 61ನೇ ವಯಸ್ಸಿನಲ್ಲಿ 90 ಕಿಲೋವನ್ನು ನೀವೊಬ್ಬರೇ ಎತ್ತುವುದಿಲ್ಲ ಎಂದು ನಾನು ಪಂದ್ಯ ಕಟ್ಟುತ್ತೇನೆ. ನಿಮ್ಮದು 30-40ರ ಆಸುಪಾಸು ಇರಬೇಕು.

ನೀರಿನ ಟ್ಯಾಂಕ್ ಇಲ್ಲಿ ದೊಡ್ಡ ಕಳ್ಳ. 80 ಲೀಟರ್ ಅಂದರೆ 80 ಕಿಲೋ. ಅದು ಚಕ್ರದಿಂದ 1.2 ಮೀಟರ್ ಹಿಂದಿದೆ, ಹುಕ್ಕು ಚಕ್ರದಿಂದ 3.6 ಮೀಟರ್ ಮುಂದಿದೆ ಎಂದುಕೊಳ್ಳಿ. ಮಕ್ಕಳಾಡುವ ಸೀಸಾ ಹಲಗೆಯ ಲೆಕ್ಕ ಇದು. ಟ್ಯಾಂಕ್ ತುಂಬಿದ ಕೂಡಲೇ ಮೂತಿಯ ಮೇಲಿನ ಭಾರ ಸುಮಾರು 27 ಕಿಲೋ ಇಳಿಯುತ್ತದೆ. ಅದರ ಮೇಲೆ ಹಿಂದಿನ ಅಡುಗೆ ಕಟ್ಟೆಯ ಕಪಾಟಿನಲ್ಲಿ ಪಾತ್ರೆ, ಅಕ್ಕಿ, ತೆಂಗಿನಕಾಯಿ, ಹಿಂದೆ ಮಡಚುವ ಕುರ್ಚಿ ಇಟ್ಟರೆ ಇನ್ನಷ್ಟು ಇಳಿಯುತ್ತದೆ. ಮನೆಗೆ ತರುವ ದಿನ ಟ್ಯಾಂಕ್ ತುಂಬಿತ್ತೇ? ಡೀಲರ್ ಉಚಿತವಾಗಿ ಏನಾದರೂ ಸಾಮಾನು ಕೊಟ್ಟಿದ್ದರೆ ಅದನ್ನು ಎಲ್ಲಿ ತುರುಕಿದ್ದರು? ನೀವು ಬರೆದಿಲ್ಲ. ಒಮ್ಮೆ ನೆನಪು ಮಾಡಿಕೊಳ್ಳಿ.

ಪಕ್ಕದ ಮನೆಯವರ ಸಲಹೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಪಿಕಪ್ ಗಾಡಿಯಲ್ಲಿ ಹಿಂದೆ ಭಾರ ಇದ್ದರೆ ಹಿಂದಿನ ಚಕ್ರ ಜಾರುವುದಿಲ್ಲ, ಕುಣಿಯುವುದಿಲ್ಲ. ಅದು ಒಂದೇ ಗಾಡಿಯ ಮಾತು. ನಡುವೆ ಕೀಲು ಇರುವ ಜೋಡಿ ಗಾಡಿಗೆ ಅದು ನಡೆಯುವುದಿಲ್ಲ. ಅವರ ಮಾತು ಕೇಳಿ ಹಿಂದೆ ಭಾರ ಹಾಕಿದರೆ ಬಾಲ ಆಡುವುದು ಖಂಡಿತ ಹೆಚ್ಚುತ್ತದೆ.

ಡೀಲರ್ ಹೇಳಿದ್ದು ಇನ್ನೂ ಅಪಾಯ. ಪ್ರತಿ ಜೋಡಿ ಗಾಡಿಗೂ ಒಂದು ವೇಗ ಇರುತ್ತದೆ. ಅದಕ್ಕಿಂತ ಕೆಳಗೆ ಓಡುವಾಗ ಒಂದು ಬಸ್ಸಿನ ಗಾಳಿ ಬಡಿದರೆ ಟ್ರೇಲರ್ ಎರಡು ಸಲ ತೂಗಿ ತಾನೇ ಸುಮ್ಮನಾಗುತ್ತದೆ. ಆ ವೇಗ ದಾಟಿದರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಕೊನೆಗೆ ಅದು ಕಾರಿನ ಹಿಂಭಾಗವನ್ನೂ ಎಳೆದುಕೊಂಡು ಉರುಳುತ್ತದೆ. ಮೂಕಿ ಭಾರ ಕಡಿಮೆಯಾದಷ್ಟೂ ಆ ವೇಗ ಕೆಳಗೆ ಬರುತ್ತದೆ. ಇಂಥ ಹೊತ್ತಿನಲ್ಲಿ ವೇಗ ಹೆಚ್ಚಿಸುವುದು ಬೆಂಕಿಗೆ ಎಣ್ಣೆ ಸುರಿದ ಹಾಗೆ. ಹಾಗಂತ ಗಾಬರಿಯಿಂದ ಬ್ರೇಕ್ ಒತ್ತಿ ಹಿಡಿಯುವುದೂ ತಪ್ಪು. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಿ. ಟ್ರೇಲರ್ ಎಡಕ್ಕೆ ಹೋದಾಗ ಬಲಕ್ಕೆ, ಬಲಕ್ಕೆ ಹೋದಾಗ ಎಡಕ್ಕೆ ಎಂದು ಸ್ಟೇರಿಂಗ್ ತಿರುಗಿಸಲು ಹೋಗಬೇಡಿ. ನಮ್ಮ ಕೈ ಅದರ ತಾಳಕ್ಕಿಂತ ಯಾವಾಗಲೂ ಸ್ವಲ್ಪ ತಡ.

ಈಗ ಮನೆಯಲ್ಲೇ ಮಾಡುವ ಕೆಲಸ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ಕಾಟಾ ನಿಮ್ಮಲ್ಲಿ ಇರಬೇಕು. ಇಲ್ಲದಿದ್ದರೆ ಪಕ್ಕದವರ ಮನೆಯಿಂದ ತನ್ನಿ. ಸಮತಟ್ಟು ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಡಿ. ಕಾಟಾದ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಟ್ರೇಲರ್‌ನ ಮೂತಿ ಕೂರಿಸಿ. ಕಾರಿಗೆ ಕಟ್ಟಿದಾಗ ಮೂತಿ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಟ್ಯಾಂಕ್ ಖಾಲಿ ಇಟ್ಟು ಒಮ್ಮೆ, ತುಂಬಿ ಒಮ್ಮೆ ತೂಗಿ. ಆಮೇಲೆ ಟ್ರಿಪ್‌ಗೆ ಒಯ್ಯುವ ಸಾಮಾನೆಲ್ಲ ಹೇರಿ ಮತ್ತೊಮ್ಮೆ. ಒಟ್ಟು ತೂಕಕ್ಕೆ ಲಾರಿ ತೂಗುವ ವೇ ಬ್ರಿಜ್‌ಗೆ ಹೋಗಿ, ಟ್ರೇಲರ್ ಒಂದನ್ನೇ ಬಿಚ್ಚಿ ನಿಲ್ಲಿಸಿ ತೂಗಿಸಿ. ಖಾಲಿ 900, ಗರಿಷ್ಠ 1,300, ಅಂದರೆ ನಿಮಗೆ ಸಿಗುವುದು 400 ಕಿಲೋ. ಆರು ಜನರ ಹಾಸಿಗೆ, ಬಟ್ಟೆ, ಗ್ಯಾಸ್, ಬ್ಯಾಟರಿ, ಅಡುಗೆ ಸಾಮಾನು, ಅದರ ಮೇಲೆ 80 ಕಿಲೋ ನೀರು. ಬೇಗ ಮುಗಿದುಹೋಗುತ್ತದೆ.

ಸಾಮಾನು ಹೇರುವಾಗ ಭಾರದ್ದು ಚಕ್ರದ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರ ಇರಲಿ. ಹಗುರದ್ದು ಮೇಲಿನ ಕಪಾಟಿಗೆ. ಮೂಕಿ ಭಾರ ಹೆಚ್ಚಿಸಬೇಕೆಂದು ಎಲ್ಲವನ್ನೂ ಮೂತಿಯ ತುದಿಗೆ ಪೇರಿಸಬೇಡಿ. ಎರಡೂ ತುದಿಯಲ್ಲಿ ಭಾರ ಇರುವ ಟ್ರೇಲರ್ ಒಮ್ಮೆ ತೂಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಟಯರಿನ ಗಾಳಿಯನ್ನೂ ಬೆಳಿಗ್ಗೆ ತಣ್ಣಗಿರುವಾಗ ಟ್ರೇಲರ್ ಪ್ಲೇಟಿನಲ್ಲಿ ಬರೆದಷ್ಟು ತುಂಬಿಸಿ. ಕಾರಿಗೆ ಹಾಕುವ ಲೆಕ್ಕದಲ್ಲೇ ಅದಕ್ಕೂ ಹಾಕಿರುತ್ತಾರೆ, ಬಾಲ ಆಡುವುದಕ್ಕೆ ಅದೂ ಒಂದು ಕಾರಣ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು. ಗಾಡಿ ಹೊಸದಾದರೂ ಟಯರು ಎಲ್ಲೋ ಬಿಸಿಲಲ್ಲಿ ಮೂರು ವರ್ಷ ಕೂತಿರಬಹುದು.

ನೀರನ್ನು ಮನೆಯಿಂದ ಹೊರಬೇಡಿ. ಕುಡಿಯಲು, ಅಡುಗೆಗೆ 20 ಲೀಟರಿನ ಎರಡು ಕ್ಯಾನ್ ಸಾಕು, ಅವನ್ನು ಚಕ್ರದ ಮೇಲೆ ಬರುವ ಹಾಗೆ ಕಟ್ಟಿ. ಟ್ಯಾಂಕ್ ಅಲ್ಲಿ ಹೋಗಿ ತುಂಬಿಸಿ. ಸ್ನಾನಕ್ಕೆ, ಪಾತ್ರೆಗೆ ಸ್ವಲ್ಪ ಸವಳು ನೀರಾದರೆ ಮೂರು ದಿನದಲ್ಲಿ ಏನೂ ಆಗುವುದಿಲ್ಲ. ವಾಪಸ್ ಬಂದ ಮೇಲೆ ಸಿಹಿ ನೀರಿನಲ್ಲಿ ಒಮ್ಮೆ ತೊಳೆದುಬಿಡಿ.

ಇನ್ನು ನಿಮ್ಮ ಮಗನ ಮಾತು. ಕಂಪನಿಯವರು ನೋಡಿ ಕೊಟ್ಟಿರುತ್ತಾರೆ, ನಿಜ. ಆದರೆ ನಿಂತ ಗಾಡಿಯನ್ನು ನೋಡಿರುತ್ತಾರೆ. ಟ್ರೇಲರ್ ಎಂದರೆ ಒಂದು ಮನೆ. ಅದಕ್ಕೆ ನಲ್ಲಿ, ಪೈಪು, ಗ್ಯಾಸ್, ಕರೆಂಟು, ಕಪಾಟಿನ ಬಾಗಿಲು ಎಲ್ಲ ಇದೆ. ನಮ್ಮ ರಸ್ತೆಯ ಮೇಲೆ ಒಂದು ಗಂಟೆ ಓಡಿದರೆ ಆ ಮನೆಗೆ ಒಂದು ಗಂಟೆ ಭೂಕಂಪ ಆದ ಹಾಗೆ. ಸ್ಕ್ರೂ ಸಡಿಲವಾಗುವುದು ಆಗಲೇ. ಬೈತಖೋಲದ ಬಂದರಿನಲ್ಲಿ ನೋಡಿ, ಹೊಸ ಬೋಟು ನೀರಿಗಿಳಿಸಿದ ದಿನವೇ ಯಾರೂ ಆಳ ಸಮುದ್ರಕ್ಕೆ ಬಲೆ ತಗೊಂಡು ಹೋಗುವುದಿಲ್ಲ. ದಡದ ಹತ್ತಿರವೇ ಓಡಿಸಿ, ಎಲ್ಲಿ ನೀರು ಒಸರುತ್ತದೆ, ಎಂಜಿನ್ ಎಲ್ಲಿ ಕೆಮ್ಮುತ್ತದೆ ಎಂದು ನೋಡುತ್ತಾರೆ. ಟ್ರೇಲರ್‌ನವರು ಇದಕ್ಕೆ ಶೇಕ್‌ಡೌನ್ ಟ್ರಿಪ್ ಎನ್ನುತ್ತಾರೆ. ನಾನು ಹೇಳುವುದು ಇಷ್ಟೇ: ಕೆಡುವುದು ಹೇಗೂ ಕೆಡುತ್ತದೆ, ಅದು ಮನೆ ಹತ್ತಿರ, ಮೊಮ್ಮಕ್ಕಳು ಜೊತೆಗಿಲ್ಲದಾಗ ಕೆಡಲಿ.

ನನ್ನದೇ ಕಥೆ ಕೇಳಿ. ಬ್ರೇಕಿನವನು ನಾನು, ನನಗೇನು ಪರೀಕ್ಷೆ ಎಂಬ ಜಂಬ. ಗೆಳೆಯನ ಹೊಸ ಟ್ರೇಲರ್ ಎಳೆದುಕೊಂಡು ಕದ್ರಾ ಕಡೆ ಹೋದೆ. ಚಕ್ರ, ಬ್ರೇಕು ಎಲ್ಲ ಬೆಣ್ಣೆಯ ಹಾಗಿತ್ತು. ರಾತ್ರಿ ಪಂಪ್ ಹಾಕಿದರೆ ಸಿಂಕಿನ ಕೆಳಗಿನ ಪೈಪಿನ ಜಾಯಿಂಟ್ ಬಿಟ್ಟಿದೆ. ಹಾಸಿಗೆ ಕೆಳಗೆಲ್ಲ ನೀರು. ಲಾರಿ ಆಕ್ಸಲ್ ಬಿಚ್ಚುವ ಸ್ಪ್ಯಾನರ್ ಇತ್ತು ನನ್ನಲ್ಲಿ, ಬೆರಳು ಗಾತ್ರದ ಆ ನಟ್ಟಿಗೆ ಸರಿಹೋಗುವುದು ಒಂದೂ ಇರಲಿಲ್ಲ! ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಹಾಗಾಗಿ ಮೊದಲ ರಾತ್ರಿ ನಿಮ್ಮ ಅಂಗಳದಲ್ಲೇ ಮಲಗಿ. ಕೊನೆಕೊಯ್ಲು ಶುರುವಾಗಿ ಅಂಗಳದ ತುಂಬ ಅಡಿಕೆ ಹರಡುವ ಮೊದಲೇ ಮುಗಿಸಿ, ಆಮೇಲೆ ಜಾಗಕ್ಕೆ ಜಗಳ ಬೇಡ. ಮನೆಯೊಳಗೆ ಕಾಲಿಡದೆ ಒಂದು ದಿನ ಪೂರ್ತಿ ಅದರಲ್ಲೇ ಅಡುಗೆ, ಸ್ನಾನ, ನಿದ್ದೆ. ‘ಅಯ್ಯೋ ಇದು ತರಬೇಕಿತ್ತು’ ಎಂದು ಎಷ್ಟು ಸಲ ಮನೆಗೆ ಓಡಿದಿರಿ ಎಂದು ಬರೆದಿಟ್ಟುಕೊಳ್ಳಿ. ಗೋಕರ್ಣಕ್ಕೆ ಒಯ್ಯಬೇಕಾದ ಸಾಮಾನಿನ ಪಟ್ಟಿ ಅದೇ.

ಆ ರಾತ್ರಿ ಎರಡು ವಿಷಯಕ್ಕೆ ಜಾಸ್ತಿ ಗಮನ ಬೇಕು. ಒಂದು ಗ್ಯಾಸ್. ಪೈಪಿನ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಅದಕ್ಕೇ ಟ್ರೇಲರ್‌ನ ನೆಲದಲ್ಲಿ ಜಾಲರಿ ಕಿಂಡಿ ಕೊಟ್ಟಿರುತ್ತಾರೆ. ಇರುವೆ ಬರುತ್ತದೆ, ಸೊಳ್ಳೆ ಬರುತ್ತದೆ ಎಂದು ಅದಕ್ಕೆ ಬಟ್ಟೆ ತುರುಕಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಹಾಗೇ ಡಿಸೆಂಬರ್ ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಒಳಗಿಟ್ಟುಕೊಳ್ಳಬೇಡಿ. ಮುಚ್ಚಿದ ಡಬ್ಬದಂಥ ಜಾಗ ಅದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಅದನ್ನು ಪತ್ತೆ ಮಾಡುವ ಸಣ್ಣ ಅಲಾರ್ಮ್ ಸಿಗುತ್ತದೆ, ಒಂದು ಹಾಕಿಸಿ.

ಇನ್ನೊಂದು ಕರೆಂಟು. ಮನೆಯಿಂದ ವೈರ್ ಎಳೆದು ಪ್ಲಗ್ ಹಾಕಿದ ಮೇಲೆ ಟ್ರೇಲರ್‌ನ ಹೊರಗಿನ ಕಬ್ಬಿಣಕ್ಕೆ ಟೆಸ್ಟರ್ ಮುಟ್ಟಿಸಿ. ದೀಪ ಹತ್ತಿದರೆ ತಕ್ಷಣ ಪ್ಲಗ್ ಕಿತ್ತು, ಎಲೆಕ್ಟ್ರಿಶಿಯನ್ ಬರುವ ತನಕ ಮುಟ್ಟಬೇಡಿ. ಅರ್ಥಿಂಗ್ ಇಲ್ಲದ ಹೋಮ್‌ಸ್ಟೇ ಪ್ಲಗ್ಗುಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ. ಟ್ರೇಲರ್ ಒಳಗೆ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ, ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವೈರಿನಲ್ಲಿ ಎಸಿ ಓಡಿಸಿದರೆ ಅದು ಕಾದು ಕರಗುತ್ತದೆ.

ಎರಡನೇ ಹಂತ, ಬನವಾಸಿ. ಶಿರಸಿಯಿಂದ 25 ಕಿಲೋಮೀಟರಿಗಿಂತ ಕಡಿಮೆ, ನಡುವೆ ಘಟ್ಟ ಇಲ್ಲ. ನೀವು ಮತ್ತು ಹೆಂಡತಿ ಇಬ್ಬರೇ ಹೋಗಿ. ಮಧುಕೇಶ್ವರನಿಗೆ ಕೈಮುಗಿದು, ಗುರುತಿನವರ ಮನೆ ಕಂಪೌಂಡಿನಲ್ಲಿ ಒಂದು ರಾತ್ರಿ ಇದ್ದು ಬನ್ನಿ. ಹೊರಡುವಾಗ ಹುಕ್ಕಿನ ಲಾಕ್ ಬಿದ್ದಿದೆಯೇ ನೋಡಿ. ಮುಂದಿನ ಜಾಕಿ ಚಕ್ರದಿಂದ ಮೂತಿಯನ್ನು ಮೇಲೆತ್ತಲು ಪ್ರಯತ್ನಿಸಿ, ಲಾಕ್ ಸರಿಯಿದ್ದರೆ ಕಾರಿನ ಹಿಂಭಾಗವೂ ಜೊತೆಗೆ ಏಳುತ್ತದೆ. ಸರಪಳಿ ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ಹಾಕಿ, ಹುಕ್ಕು ಕಳಚಿದರೂ ಮೂತಿ ರಸ್ತೆಗೆ ಬೀಳದೆ ಅದರ ಮೇಲೆ ಕೂರುತ್ತದೆ. ಬ್ರೇಕ್ ಎಳೆಯುವ ತುರ್ತು ತಂತಿಯನ್ನು ಕಾರಿನ ಗಟ್ಟಿ ಭಾಗಕ್ಕೆ ಕಟ್ಟಿ. ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಟ್ರೇಲರ್ ಓಡುವಾಗ ಒಳಗೆ ಯಾರೂ ಕೂರಬಾರದು, ಮೊಮ್ಮಕ್ಕಳು ಎಷ್ಟು ಹಟ ಮಾಡಿದರೂ.

ಚಕ್ರದ ನಟ್ಟುಗಳ ಬಗ್ಗೆ ಒಂದು ಮಾತು. ಹೊಸ ಚಕ್ರದಲ್ಲಿ ನಟ್ಟಿನ ಕೆಳಗೆ ಬಣ್ಣದ ಪದರ ಇರುತ್ತದೆ. ಓಡಿದ ಮೇಲೆ ಅದು ಅದುಮಿ ಹೋಗಿ ನಟ್ಟು ಸಡಿಲವಾಗುತ್ತದೆ. ಮೊದಲ 40-50 ಕಿಲೋಮೀಟರಿಗೆ ಒಮ್ಮೆ ಬಿಗಿ ನೋಡಲೇಬೇಕು, ಆಮೇಲೆ ಇನ್ನೊಮ್ಮೆ. ನಮ್ಮ ಶೆಡ್ಡಿಗೆ ಬಂದ ಒಬ್ಬರ ಟ್ರೇಲರ್‌ನಲ್ಲಿ ಐದರಲ್ಲಿ ಎರಡು ನಟ್ಟು ಕಾಣೆಯಾಗಿದ್ದವು. ಅವರಿಗೆ ಗೊತ್ತೇ ಇರಲಿಲ್ಲ, ಏನೋ ಟಕ್ ಟಕ್ ಶಬ್ದ ಬರುತ್ತಿದೆ ಎಂದು ಬಂದಿದ್ದರು. ನೀವು ಈಗಾಗಲೇ ದೂರದಿಂದ ಎಳೆದು ತಂದಿದ್ದೀರಿ. ಈ ಪತ್ರ ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನೋಡಿ.

ಬನವಾಸಿಯಲ್ಲಿ ರಿವರ್ಸ್ ಕಲಿಯಿರಿ. ಖಾಲಿ ಬಯಲಿದ್ದರೆ ಒಂದು ಗಂಟೆ ಬೇರೆ ಕೆಲಸ ಬೇಡ. ಸ್ಟೇರಿಂಗಿನ ಕೆಳತುದಿಯಲ್ಲಿ ಕೈಯಿಡಿ. ಆಗ ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಭಾಗವೂ ಆ ಕಡೆಗೇ. ನಿಧಾನ, ಸಣ್ಣ ಸಣ್ಣ ತಿರುವು. ಮಡಚಿಕೊಂಡಿತು ಎನಿಸಿದರೆ ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಶುರು ಮಾಡಿ. ಹಿಂದೆ ನಿಂತು ‘ಬರ್ಲಿ ಬರ್ಲಿ’ ಎನ್ನುವವರು ಒಬ್ಬರೇ ಇರಲಿ, ಅವರು ನಿಮ್ಮ ಕನ್ನಡಿಯಲ್ಲಿ ಕಾಣುವಲ್ಲಿ ನಿಲ್ಲಲಿ.

ನಿಲ್ಲಿಸಿದ ಮೇಲೆ ಮೊದಲು ಎಡ-ಬಲ ಸಮ ಮಾಡಿ, ಚಕ್ರಕ್ಕೆ ಅಡ್ಡ ಕೊಟ್ಟು, ಆಮೇಲೆ ಕಾರು ಬಿಚ್ಚಿ, ಕೊನೆಗೆ ಹಿಂದೆ-ಮುಂದೆ ಸಮ ಮಾಡಿ. ನಾಲ್ಕು ಮೂಲೆಯ ಕಾಲುಗಳು ಅಲುಗದಂತೆ ಹಿಡಿಯಲು ಮಾತ್ರ, ಅವುಗಳಿಂದ ಟ್ರೇಲರ್ ಎತ್ತಲು ಹೋದರೆ ಬಾಗುತ್ತವೆ. ಕಾಲಿನ ಕೆಳಗೆ ಮರದ ಹಲಗೆ ಇಡಿ. ಚಿರೆಕಲ್ಲು ಕೈಗೆ ಸಿಗುತ್ತದೆಂದು ಇಟ್ಟರೆ ಅಂಚು ಕಿತ್ತು ಜಾರುತ್ತದೆ.

ಈಗ ಘಟ್ಟ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗೋಕರ್ಣ ಸಮುದ್ರದ ದಂಡೆಯಲ್ಲಿ. ನಡುವೆ ಹೆಚ್ಚುಕಡಿಮೆ 500 ಮೀಟರ್ ಇಳಿಯುವುದು ಆ ಘಟ್ಟದಲ್ಲಿ. ಕಾರು, ಜನ, ಟ್ರೇಲರ್ ಸೇರಿ 3,500 ಕಿಲೋ ಎಂದಿಟ್ಟುಕೊಂಡರೆ, ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ 50 ಲೀಟರಿಗೂ ಜಾಸ್ತಿ ತಣ್ಣೀರು ಕುದಿಸಬಹುದು. ಬಚ್ಚಲಲ್ಲಿ ಒಂದು ದೊಡ್ಡ ಹಂಡೆ ನೀರು ಕುದಿಸಲು ಎಷ್ಟು ಕಟ್ಟಿಗೆ ಬೇಕು ಎಂದು ನಿಮಗೇ ಗೊತ್ತು. ಆ ಶಾಖದ ದೊಡ್ಡ ಪಾಲು ಎಂಜಿನ್‌ಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ. ಬ್ರೇಕಿಗೆ ಬಿಟ್ಟರೆ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ.

‘ನಾನು ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇಳಿಯುತ್ತೇನೆ, ಜೋರು ಒತ್ತುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಬ್ರೇಕ್ ಸುಡುವುದೇ ಹಾಗೆ. ಘಟ್ಟದ ತಲೆಯಲ್ಲೇ ಎರಡನೇ ಗೇರಿಗೆ ಇಳಿಸಿ. ಆಟೋಮ್ಯಾಟಿಕ್ ಆದರೆ ಕೈಯಿಂದ ಗೇರ್ ಹಿಡಿದಿಡಿ. ವೇಗ 30ರ ಒಳಗಿರಲಿ. ಹೆಚ್ಚಾದರೆ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಅದಕ್ಕೆ ತಣ್ಣಗಾಗಲು ಸಮಯ ಸಿಗುತ್ತದೆ.

ನಿಮ್ಮ ಟ್ರೇಲರ್‌ನದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಹಿಂದಿನಿಂದ ತಳ್ಳುತ್ತದಲ್ಲ, ಆ ತಳ್ಳಾಟದಿಂದಲೇ ಅದರ ಬ್ರೇಕು ಹಿಡಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಸೊಗಸಾದ ವ್ಯವಸ್ಥೆ. ಘಟ್ಟದಲ್ಲಿ ಅದಕ್ಕೊಂದು ಕಷ್ಟ ಇದೆ, ಡೀಲರುಗಳು ಇದನ್ನು ಹೇಳುವುದು ಕಡಿಮೆ. ಇಳಿಜಾರಿನ ಉದ್ದಕ್ಕೂ ಟ್ರೇಲರ್ ಕಾರನ್ನು ತಳ್ಳುತ್ತಲೇ ಇರುತ್ತದೆ. ನೀವು ಪೆಡಲ್ ಮುಟ್ಟದೆ ಗೇರಿನಲ್ಲೇ ಇಳಿದರೂ ಟ್ರೇಲರ್‌ನ ಬ್ರೇಕು ಸಣ್ಣಗೆ ಹಿಡಿದೇ ಇರುತ್ತದೆ. ಕಾರಿನ ಬ್ರೇಕು ತಣ್ಣಗಿದ್ದು ಟ್ರೇಲರ್‌ನದು ಕಾದಿರಬಹುದು. ನಿಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ನಿಮ್ಮ ಕಾಲಿಗೆ ಸಿಗುವುದು ಕಾರಿನ ಪೆಡಲ್ ಮಾತ್ರ. ಹಾಗಾಗಿ ನಡುವೆ ಅಗಲ ಜಾಗ ಸಿಕ್ಕಾಗ ಒಂದೆರಡು ಸಲ ನಿಲ್ಲಿಸಿ. ಚಕ್ರದ ನಡುಭಾಗದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಬಿಸಿ ಇರುವುದು ಸಹಜ. ಒಂದು ಚಕ್ರ ಇನ್ನೊಂದಕ್ಕಿಂತ ತುಂಬ ಜಾಸ್ತಿ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹೊಂದಾಣಿಕೆ ತಪ್ಪಿದೆ. ಹೊಗೆ, ವಾಸನೆ ಇದ್ದರೆ ಅರ್ಧ ಗಂಟೆ ಕೂರಿ. ನೀರು ಮಾತ್ರ ಸುರಿಯಬೇಡಿ, ಕಾದ ಡ್ರಮ್ಮು ಬಿರುಕು ಬಿಡುತ್ತದೆ.

ಹೇರ್‌ಪಿನ್ ತಿರುವಿನಲ್ಲಿ ಟ್ರೇಲರ್ ಕಾರಿನ ಹಾದಿಯಲ್ಲೇ ಬರುವುದಿಲ್ಲ, ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ತಿರುವನ್ನು ಸ್ವಲ್ಪ ಅಗಲ ತೆಗೆದುಕೊಳ್ಳಬೇಕು. ಎದುರಿನಿಂದ ಬಸ್ಸು ಬರುತ್ತಿದ್ದರೆ ತಿರುವಿಗೆ ಮೊದಲೇ ನಿಂತು ದಾರಿ ಕೊಡಿ. ಅರ್ಧ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಏರಿಗೆ ರಿವರ್ಸ್ ಹೋಗುವ ಸ್ಥಿತಿ ಹೊಸಬರಿಗೆ ಬೇಡವೇ ಬೇಡ. ಮೊಬೈಲ್ ಮ್ಯಾಪ್ ‘ಇದು ಹತ್ತಿರ’ ಎಂದು ಕಾಡಿನ ನಡುವಿನ ಸಣ್ಣ ದಾರಿ ತೋರಿಸಿದರೆ ಕಡೆಗಣಿಸಿ. ಅರಬೈಲ್ ಘಟ್ಟ ಅಗಲ ಎಂದು ಯಲ್ಲಾಪುರ ಸುತ್ತಿ ಹೋಗುವವರಿದ್ದಾರೆ. ಅಲ್ಲಿ ಲಾರಿಗಳ ಸಾಲು ನೋಡಿದರೆ ನನಗೇನೂ ಅದು ಸುಲಭ ಎನಿಸುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿ ಮೂರು. ಅಂಗಳ, ಬನವಾಸಿ ಮುಗಿಸಿ, ಮೂಕಿ ಭಾರ ಸರಿ ಮಾಡಿ, ಡಿಸೆಂಬರಿಗೆ ಗೋಕರ್ಣ. ಎರಡು ವಾರಾಂತ್ಯ ಇದ್ದರೆ ಸಾಕು. ನಾನಾದರೆ ಇದನ್ನೇ ಮಾಡುತ್ತೇನೆ. ಇದರಲ್ಲೂ ಒಂದು ತೊಡಕಿದೆ: ಬನವಾಸಿಯಲ್ಲಿ ಏನಾದರೂ ದೊಡ್ಡ ದೋಷ ಸಿಕ್ಕಿ ಬಿಡಿಭಾಗಕ್ಕೆ ಕಾಯಬೇಕಾದರೆ ರಜೆ ಕೈತಪ್ಪುತ್ತದೆ. ಹೋಮ್‌ಸ್ಟೇಯಲ್ಲಿ ಒಂದು ರೂಮನ್ನೂ ಹೇಳಿಟ್ಟಿರಿ.

ಎರಡನೆಯದು, ಸಮಯವೇ ಸಿಗಲಿಲ್ಲ, ನೇರ ಗೋಕರ್ಣಕ್ಕೇ ಹೋಗಬೇಕು ಎನ್ನುವುದಾದರೆ. ಟ್ಯಾಂಕ್ ಖಾಲಿ, ಸಾಮಾನು ಅರ್ಧ. ಕಾರಿನಲ್ಲಿ ನೀವು ಮತ್ತು ಮಗ ಮಾತ್ರ. ಉಳಿದವರು ಬೇರೆ ಕಾರಿನಲ್ಲೋ ಬಸ್ಸಿನಲ್ಲೋ ಬರಲಿ. ಬೆಳಿಗ್ಗೆ ಮಂಜು ಕರಗಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ಕೆಳಗಿರಿ. ಅಪಾಯ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಮೂಕಿ ಭಾರ ತೂಗದೆ ಮಾತ್ರ ಇದಕ್ಕೂ ನನ್ನ ಒಪ್ಪಿಗೆ ಇಲ್ಲ.

ಮೂರನೆಯದು, ಟ್ರೇಲರ್ ಎಳೆದು ಅಭ್ಯಾಸ ಇರುವ ಡ್ರೈವರ್‌ನನ್ನು ಕರೆದು ಘಟ್ಟ ಇಳಿಸುವುದು. ಕೇಳಲು ಚೆನ್ನಾಗಿದೆ. ಆದರೆ ಲಾರಿ ಓಡಿಸಿದವರಿಗೆಲ್ಲ ಓವರ್‌ರನ್ ಬ್ರೇಕಿನ ಅಭ್ಯಾಸ ಇರುವುದಿಲ್ಲ. ಅವರಿಗೆ ಹೇಳಿಕೊಟ್ಟದ್ದೆಲ್ಲ ನೀವು ಕಲಿತ ಹಾಗಾಗುವುದೂ ಇಲ್ಲ, ವಾಪಸ್ ಏರಬೇಕಲ್ಲ!

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಟ್ರೇಲರ್‌ಗೆ ಅದರದೇ ನೋಂದಣಿ ಬೇಕು, ಕಾರಿನ ನಂಬರ್ ಬರೆದುಕೊಂಡರೆ ಆಗುವುದಿಲ್ಲ. ಹುಕ್ಕು ಹಾಕಿಸಿದ್ದನ್ನು ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಎಳೆಯುವಾಗ ಅಪಘಾತವಾದರೆ ಪರಿಹಾರ ಸಿಗುತ್ತದೆಯೇ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಶಿರಸಿ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಲೈಸೆನ್ಸ್ ಸಹಿತ ತೋರಿಸಿ ಕೇಳಿಬಿಡಿ.

ಕೆಳಗೆ ಹೋದ ಮೇಲೆ ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ನೆರಳು ನೋಡಿ ಆಸೆಯಾಗುತ್ತದೆ. ಒಂದು ಕಾಯಿ ಬಿದ್ದರೆ ಚಾವಣಿ ತೂತು, ಅದರ ಕೆಳಗೆ ಮೊಮ್ಮಕ್ಕಳ ಹಾಸಿಗೆ. ಮರಳಿಗೆ ಇಳಿಸುವ ಯೋಚನೆಯೂ ಬೇಡ, ಎರಡು ಚಕ್ರದ ಟ್ರೇಲರ್ ಮರಳಿನಲ್ಲಿ ಹೂತರೆ ಟ್ರ್ಯಾಕ್ಟರ್ ಬೇಕು. ನಮ್ಮ ದಂಡೆಗಳಿಗೆ ಕಡಲಾಮೆ ಮೊಟ್ಟೆಯಿಡಲು ಬರುವ ಕಾಲವೂ ಚಳಿಗಾಲವೇ. ಸಮುದ್ರದ ಕಡೆ ಮುಖ ಮಾಡಿದ ಹೊರಗಿನ ದೀಪವನ್ನು ರಾತ್ರಿ ಆರಿಸಿ. ಟಾಯ್ಲೆಟ್ ಪೆಟ್ಟಿಗೆಯನ್ನು ಹೋಮ್‌ಸ್ಟೇಯವರನ್ನು ಕೇಳಿ ಅವರ ಕಕ್ಕಸಿನಲ್ಲೇ ಖಾಲಿ ಮಾಡಿ. ಮನೆಗೆ ತಂದು ಗೋಬರ್ ಗ್ಯಾಸ್ ಗುಂಡಿಗೆ ಸುರಿದೀರಿ ಜೋಕೆ, ಅದರಲ್ಲಿ ಹಾಕುವ ರಾಸಾಯನಿಕಕ್ಕೆ ಗ್ಯಾಸ್ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ವಾಪಸ್ ಬಂದ ದಿನವೇ ಅಡಿಭಾಗ, ಚಕ್ರ, ಹುಕ್ಕು ಎಲ್ಲವನ್ನೂ ಸಿಹಿ ನೀರಿನಲ್ಲಿ ತೊಳೆಯಿರಿ. ಉಪ್ಪುಗಾಳಿ ಹೊಸ ಕಬ್ಬಿಣವನ್ನೂ ಬಿಡುವುದಿಲ್ಲ, ಕಾರವಾರದಲ್ಲಿ ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಅದರಿಂದ.

ಮಳೆಗಾಲದಲ್ಲಿ ಈ ಟ್ರಿಪ್ ಕೇಳಿದ್ದರೆ ಬೇಡ ಎಂದೇ ಹೇಳುತ್ತಿದ್ದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದದ್ದು ನಿಮಗೆ ನೆನಪಿದೆ. ರಸ್ತೆಗಾಗಿ ಕಡಿದ ಗುಡ್ಡದ ಬುಡದಲ್ಲಿ ಬ್ರೇಕ್ ತಣ್ಣಗಾಗಲೆಂದು ನಿಲ್ಲಿಸುವುದು ಡಿಸೆಂಬರಿನಲ್ಲೂ ಒಳ್ಳೆಯ ಅಭ್ಯಾಸ ಅಲ್ಲ.

ನಿಮ್ಮ ಹೆಂಡತಿಗೆ ಧೈರ್ಯ ಇಲ್ಲ ಎಂದಿರಿ. ಬಸ್ಸು ದಾಟಿದಾಗ ಅವರು ನಿಮ್ಮ ಪಕ್ಕದ ಸೀಟಿನಲ್ಲೇ ಇದ್ದಿದ್ದರೆ, ಅವರ ಹೆದರಿಕೆ ಸರಿಯಾಗಿಯೇ ಇದೆ. ಬನವಾಸಿಗೆ ಹೋಗುವಾಗ ಅದೇ ಸೀಟಿನಲ್ಲಿ ಕೂರಲಿ. ಟ್ರೇಲರ್ 50-60ರ ವೇಗದಲ್ಲಿ ಸುಮ್ಮನೆ ಹಿಂಬಾಲಿಸಿ ಬರುವುದನ್ನು ಕನ್ನಡಿಯಲ್ಲಿ ಅವರೇ ನೋಡಲಿ. ಘಟ್ಟಕ್ಕೆ ಹೋಗುವುದೋ ಬೇಡವೋ ಎಂದು ಆಮೇಲೆ ಅವರನ್ನೇ ಕೇಳಿ.

ಕಾಟಾದಲ್ಲಿ ಬಂದ ಮೂರೂ ಅಂಕಿಗಳನ್ನು ಬರೆದು ಕಳುಹಿಸಿ: ಟ್ಯಾಂಕ್ ಖಾಲಿ, ಟ್ಯಾಂಕ್ ತುಂಬಿ, ಸಾಮಾನು ಹೇರಿದ ಮೇಲೆ. ಜೊತೆಗೆ ಕಾರಿನ ಹುಕ್ಕಿನ ಮೇಲಿರುವ ಪ್ಲೇಟಿನ ಫೋಟೋ ಇರಲಿ. ಪ್ಲೇಟೇ ಇಲ್ಲ ಎಂದಾದರೆ ಆ ಹುಕ್ಕಿನಲ್ಲಿ ಬನವಾಸಿಗೂ ಹೋಗಬೇಡಿ, ಮೊದಲು ನನಗೆ ತಿಳಿಸಿ.